ಅರವತ್ತು ದಾಟಿದ ಮೇಲೆ ದೇವರ ಚಿತ್ತವನ್ನು ಹುಡುಕುವುದು ತಡವಾಯಿತೇ?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನನಗೀಗ 61 ವರ್ಷ. ಸರ್ಕಾರಿ ಆಸ್ಪತ್ರೆಗಳಲ್ಲಿ 36 ವರ್ಷ ಶುಶ್ರೂಷಕಿಯಾಗಿ ದುಡಿದು ಕಳೆದ ವರ್ಷ ನಿವೃತ್ತಳಾದೆ. ನಾನು ಮದುವೆಯಾದವಳಲ್ಲ. ಅಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಏಳು ವರ್ಷ, ಅವರ ಆರೈಕೆ ಮತ್ತು ಆಸ್ಪತ್ರೆಯ ಪಾಳಿ ಇವೆರಡರ ನಡುವೆಯೇ ನನ್ನ ದಿನಗಳು ಹೋದವು. ಈ ಜನವರಿಯಲ್ಲಿ ಅಮ್ಮನೂ ಪ್ರಭುವಿನ ಪಾದ ಸೇರಿದರು. ಈಗಲೂ ರಾತ್ರಿ ಎರಡು ಗಂಟೆಗೊಮ್ಮೆ ನನಗೆ ಎಚ್ಚರವಾಗುತ್ತದೆ; ಅವರ ಮಗ್ಗುಲು ಬದಲಿಸಬೇಕೆಂದು ಎದ್ದು ಕುಳಿತ ಮೇಲೆ ಪಕ್ಕದ ಮಂಚ ಖಾಲಿಯಾಗಿದೆ ಎಂಬುದು ನೆನಪಿಗೆ ಬರುತ್ತದೆ.

ಕಳೆದ ತಿಂಗಳು ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಅಲ್ಲಿ ಪ್ರಸಂಗ ಮಾಡಿದ ಯುವ ಬೋಧಕರು, ದೇವರು ಪ್ರತಿಯೊಬ್ಬರಿಗೂ ಒಂದು ನಿರ್ದಿಷ್ಟ ಯೋಜನೆಯನ್ನು ಇಟ್ಟಿದ್ದಾನೆ, ಅದನ್ನು ಮೂವತ್ತರೊಳಗೆ ಕಂಡುಕೊಳ್ಳದವರು ಇಸ್ರಾಯೇಲ್ಯರಂತೆ ಅರಣ್ಯದಲ್ಲಿ ಸುತ್ತುತ್ತಲೇ ಆಯುಷ್ಯ ಕಳೆಯುತ್ತಾರೆ ಎಂದರು. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವನ್ನು, ನಿಮ್ಮ ವಿಷಯವಾಗಿ ನನಗಿರುವ ಯೋಜನೆಗಳು ಕೇಡಿನವಲ್ಲ, ಹಿತದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂಬ ದೇವರ ಮಾತನ್ನು, ಎಲ್ಲರಿಂದಲೂ ಮೂರು ಬಾರಿ ಹೇಳಿಸಿದರು. ನನ್ನ ಸುತ್ತ ಕುಳಿತಿದ್ದ ಮಕ್ಕಳೆಲ್ಲ ಉತ್ಸಾಹದಿಂದ ಹೇಳಿದರು. ನನ್ನ ಗಂಟಲಿನಿಂದ ಮಾತ್ರ ಅದು ಹೊರಡಲಿಲ್ಲ. ನಾನು ಶುಶ್ರೂಷೆಗೆ ಸೇರಿದ್ದು ದೇವರು ಕರೆದನೆಂದಲ್ಲ, ಅಪ್ಪ ತೀರಿಕೊಂಡಿದ್ದರಿಂದ ಬೇಗ ಸಂಬಳ ಬರುವ ಕೆಲಸವೊಂದು ಬೇಕಾಗಿತ್ತು. ಹಾಗಾದರೆ ಈ 36 ವರ್ಷ ನಾನು ನಡೆದದ್ದು ಯಾರ ಯೋಜನೆಯಲ್ಲಿ?

ದಯವಿಟ್ಟು, ದೇವರು ಕರೆದಾಗ ಅಬ್ರಹಾಮನಿಗೆ 75, ಮೋಶೆಗೆ 80 ಎಂಬ ಪಟ್ಟಿಯನ್ನು ಕೊಡಬೇಡಿ. ಭಾನುವಾರದ ಶಾಲೆಯಲ್ಲಿ ನಾನೇ ಅದನ್ನು ಮಕ್ಕಳಿಗೆ ಕಲಿಸಿದ್ದೇನೆ. ಅವರಿಗೆ ದೇವರ ಧ್ವನಿ ಕೇಳಿಸಿತು, ಉರಿಯುವ ಪೊದೆ ಕಾಣಿಸಿತು. ನಾನು ದಿನವೂ ಸಂಜೆ ನಡೆಯುವ ತುಂಗೆಯ ದಂಡೆಯಲ್ಲಿಯೂ ಪೊದೆಗಳಿಗೇನೂ ಕೊರತೆಯಿಲ್ಲ, ಆದರೆ ಒಂದೂ ಹೊತ್ತಿಕೊಂಡಿಲ್ಲ. ನಾನು ಕೇಳಬೇಕೆಂದಿರುವುದು ಎರಡೇ ಸಂಗತಿ. ದೇವರ ಉದ್ದೇಶವೆಂಬುದು, ಒಮ್ಮೆ ತಪ್ಪಿಸಿಕೊಂಡರೆ ಮತ್ತೆ ಸಿಗದ ಬಸ್ಸಿನಂಥದ್ದೇ? ಮತ್ತು ಈ ವಯಸ್ಸಿನಲ್ಲಿ ಮನಸ್ಸಿಗೆ ಬರುವ ಯೋಚನೆಗಳಲ್ಲಿ ದೇವರ ಪ್ರೇರಣೆ ಯಾವುದು, ಖಾಲಿ ಮನೆಯ ಬೇಸರ ಯಾವುದು ಎಂದು ತಿಳಿಯುವುದು ಹೇಗೆ? ಅನುಭವದಿಂದ ಹೇಳಬಲ್ಲವರು ಬರೆದರೆ ಉಪಕಾರವಾಗುತ್ತದೆ.

ಮುಳುಗಡೆಯ ಮಗ, ಸಾಗರ

ಅಕ್ಕಾ, ನಿಮಗಿಂತ ನಾಲ್ಕಾರು ವರ್ಷ ದೊಡ್ಡವನಾದರೂ ನಿಮ್ಮ ವೃತ್ತಿಯ ಗೌರವಕ್ಕಾಗಿ ಹಾಗೆ ಕರೆಯುತ್ತಿದ್ದೇನೆ. ನಿಮ್ಮ ಮೊದಲನೆಯ ಪ್ರಶ್ನೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಆ ವಚನದೊಂದಿಗೆ ನನಗೆ ಹಳೆಯ ಜಗಳವಿದೆ.

1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿದಾಗ ನಮ್ಮ ಮನೆ, ಗದ್ದೆ, ಪುಟ್ಟ ಅಡಿಕೆ ತೋಟ ಎಲ್ಲವೂ ನೀರಿನ ಕೆಳಗೆ ಹೋದವು. ಅಪ್ಪನಿಗೆ ಆಗ 48 ವರ್ಷ, ನನಗೆ ಆರು. ಲಾರಿಯಲ್ಲಿ ತಂದು ಇಳಿಸಿದ ಜಾಗ ಕಾಡು. ಸಂತೈಸಲು ಬಂದವರೆಲ್ಲರೂ ಇದೇ ವಚನವನ್ನು ಓದಿ, ಇದರಲ್ಲಿಯೂ ದೇವರ ಯೋಜನೆ ಇದೆ ಎಂದು ಹೇಳಿ ಹೋಗುತ್ತಿದ್ದರಂತೆ. ಅಪ್ಪ ಒಂದು ದಿನ ತಾಳ್ಮೆಗೆಟ್ಟು, ‘ಯೋಜನೆ ಕರೆಂಟಿನದು, ದೇವರದಲ್ಲ’ ಎಂದುಬಿಟ್ಟರೆಂದು ಅಮ್ಮ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಅಪ್ಪನ ಆ ಮಾತು ದೇವದೂಷಣೆಯಲ್ಲ, ಒಳ್ಳೆಯ ದೇವಶಾಸ್ತ್ರ ಎಂಬುದು ನನ್ನ ಅಭಿಪ್ರಾಯ. ನಮಗೆ ಆದದ್ದನ್ನೆಲ್ಲ ದೇವರೇ ಮಾಡಿಸಿದ ಎನ್ನುವುದು ಒಂದು ಮಾತು, ಆದದ್ದರ ನಡುವೆ ದೇವರು ನಮ್ಮ ಕೈಬಿಡಲಿಲ್ಲ ಎನ್ನುವುದು ಬೇರೆಯೇ ಮಾತು.

ಮುಂದೆ ನಾನೇ ಆ ಅಧ್ಯಾಯವನ್ನು ಮೊದಲಿನಿಂದ ಓದಿದಾಗ ತಿಳಿದದ್ದೇನೆಂದರೆ, ಅದು ಮುಳುಗಡೆಯವರಿಗೇ ಬರೆದ ಪತ್ರ! ಕ್ರಿಸ್ತಪೂರ್ವ 597ರಲ್ಲಿ ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆ ಹೋದವರಿಗೆ ಯೆರೆಮೀಯನು ಬರೆದದ್ದು. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಹಿಂತಿರುಗುತ್ತಾರೆ ಎಂದು ಸಾರಿದ್ದ. ಜನರಿಗೆ ಅದು ಬಹಳ ಹಿತವಾಗಿ ಕೇಳಿಸಿರಬೇಕು. ಯೆರೆಮೀಯ ಬರೆದದ್ದು ಬೇರೆ. ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ, ಎಪ್ಪತ್ತು ವರ್ಷ ತುಂಬಿದ ಮೇಲೆ ನಾನು ನಿಮ್ಮನ್ನು ಬರಮಾಡುವೆನು ಎಂಬುದು ಅದರ ಸಾರ. ಇಷ್ಟಾದ ಮೇಲೆ ಬರುವುದು ನಿಮ್ಮಿಂದ ಮೂರು ಸಲ ಹೇಳಿಸಿದ ಆ 11ನೆಯ ವಚನ.

ಲೆಕ್ಕ ಹಾಕಿ ನೋಡಿ. ಆ ಪತ್ರವನ್ನು ಓದಿಸಿ ಕೇಳಿದ ದಿನ ಮೂವತ್ತು ವರ್ಷವಾಗಿದ್ದವನು ಎಪ್ಪತ್ತು ವರ್ಷ ಕಾದರೆ ನೂರು ತುಂಬಬೇಕು. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಯೆರೂಸಲೇಮನ್ನು ಮತ್ತೆ ನೋಡದೆಯೇ ಸತ್ತರು. ಹಾಗಿದ್ದರೂ ಮಾತು ಅವರಿಗೇ ಬಂದಿತ್ತು, ಅದರಲ್ಲಿ ಅಜ್ಜಂದಿರಿಗೊಂದು, ಹುಡುಗರಿಗೊಂದು ಎಂಬ ಭೇದವಿರಲಿಲ್ಲ. ಅದು ಒಬ್ಬೊಬ್ಬರ ಉದ್ಯೋಗಕ್ಕೆ ಕೊಟ್ಟ ನಕ್ಷೆಯಾಗಿದ್ದರೆ ‘ತೋಟ ಮಾಡಿರಿ’ ಎಂಬಷ್ಟು ಸಾಮಾನ್ಯವಾದ ಕೆಲಸವನ್ನು ಹೇಳುತ್ತಿರಲಿಲ್ಲ. ಯೋಜನೆ ದೇವರದು, ಅದು ನಮ್ಮ ಒಂದು ಆಯುಷ್ಯಕ್ಕಿಂತ ಉದ್ದ. ನಮ್ಮ ಪಾಲಿಗೆ ಬರುವುದು ಅದರೊಳಗೆ ಕೈಗೆ ಸಿಕ್ಕ ತುಂಡು ನೆಲ.

ನಮ್ಮಪ್ಪ ಆ ಕಾಡುನೆಲದಲ್ಲಿ ಬಸಿಗಾಲುವೆ ತೋಡಿ, ನೆರಳಿಗೆ ಬಾಳೆ ಇಟ್ಟು, ಅಡಿಕೆ ಸಸಿ ನೆಟ್ಟಾಗ ಐವತ್ತು ಮುಗಿದಿತ್ತು. ಅಡಿಕೆ ಫಸಲಿಗೆ ಬರಲು ಆರೇಳು ವರ್ಷ ಬೇಕೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮೊದಲ ವರ್ಷದ ಸಸಿಗಳಲ್ಲಿ ಅರ್ಧಕ್ಕರ್ಧ ಕಾಡುಹಂದಿಯ ಪಾಲಾದವು. ಮರುವರ್ಷ ಅವೇ ಗುಂಡಿಗಳಲ್ಲಿ ಮತ್ತೆ ನೆಟ್ಟರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸಿಕೊಂಡಾಗ ಊರಿನವರೆಲ್ಲ ನೋಡಲು ಹೋಗುತ್ತಾರೆ. ಅಪ್ಪ ಒಮ್ಮೆಯೂ ಹೋಗಲಿಲ್ಲ. ಅವರಿಗೆ ನೋವು ಹೋಗಿತ್ತು ಎಂದು ನಾನು ಹೇಳಲಾರೆ, ಅವರಿಗೆ ಕೆಲಸವಿತ್ತು ಎಂದಷ್ಟೇ ಬಲ್ಲೆ.

ನೀವು ಸಂಬಳಕ್ಕಾಗಿ ಶುಶ್ರೂಷೆಗೆ ಸೇರಿದಿರಿ ಎಂದು ಸಂಕೋಚದಿಂದ ಬರೆದಿದ್ದೀರಿ. ಬಾಬಿಲೋನಿಗೆ ಹೋದವರು ಇಷ್ಟಪಟ್ಟು ಹೋದವರಲ್ಲ.

ಭದ್ರೆಯ ಹುಡುಗಿ, ಭದ್ರಾವತಿ

ಆಂಟಿ, ನನಗೆ 26. ಬೆಂಗಳೂರಿನ ಕಂಪನಿಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿ, ಈಗ ಮನೆಗೆ ಬಂದು ಕುಳಿತಿದ್ದೇನೆ. ನೀವು ಹೇಳಿದಂಥ ಕೂಟಗಳಲ್ಲಿ ಉತ್ಸಾಹದಿಂದ ವಚನ ಹೇಳುವ ಮಕ್ಕಳಲ್ಲಿ ನಾನೂ ಒಬ್ಬಳು, ಆದ್ದರಿಂದ ನಮ್ಮ ಕಡೆಯ ಸತ್ಯವನ್ನೂ ಸ್ವಲ್ಪ ಹೇಳುತ್ತೇನೆ. ಮೂವತ್ತರ ಗಡುವು ನಿಮ್ಮನ್ನು ನೋಯಿಸಿದೆ, ನಮ್ಮನ್ನು ಹೆದರಿಸಿದೆ. ಯಾವ ಕೆಲಸಕ್ಕೆ ಅರ್ಜಿ ಹಾಕುವಾಗಲೂ, ಯಾವ ಸಂಬಂಧ ಬಂದಾಗಲೂ, ಇದು ದೇವರ ಯೋಜನೆಯೋ ಅಲ್ಲವೋ ಎಂದು ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ಏನನ್ನೂ ಮಾಡದೆ ಉಳಿದ ನನ್ನ ಗೆಳತಿಯರಿದ್ದಾರೆ.

ಬಾಲಕ ಸಮುವೇಲನ ಕಥೆಯನ್ನು ನಮಗೆ ಯಾವಾಗಲೂ ‘ನೋಡಿ, ಚಿಕ್ಕ ವಯಸ್ಸಿನಲ್ಲಿಯೇ ದೇವರ ಕರೆ ಕೇಳಿದ’ ಎಂದು ಹೇಳುತ್ತಾರೆ. ಮೊನ್ನೆ ಅದನ್ನು ಮತ್ತೆ ಓದಿದೆ. ಕರೆ ಅವನ ಕಿವಿಗೆ ಬಿದ್ದದ್ದು ನಿಜ, ಆದರೆ ಅದು ಯಾರ ಕರೆ ಎಂಬುದು ಅವನಿಗೆ ತಿಳಿಯಲಿಲ್ಲ. ಮೂರು ಸಲವೂ ಮುದಿ ಯಾಜಕ ಏಲಿಯ ಬಳಿಗೇ ಓಡಿದ. ಇದು ಕರ್ತನ ಧ್ವನಿ ಎಂದು ಗುರುತಿಸಿದವನು ಕಣ್ಣು ಮಂಜಾಗಿದ್ದ ಆ ಮುದುಕ. ಅವನಿಗೋ ಧ್ವನಿಯೇ ಕೇಳಿಸಿರಲಿಲ್ಲ! ಕೇಳುವ ಕಿವಿ ಒಬ್ಬರದು, ಗುರುತಿಸುವ ಅನುಭವ ಇನ್ನೊಬ್ಬರದು. ನಮ್ಮ ಕೂಟಗಳಲ್ಲಿ ಹುಡುಗರನ್ನೆಲ್ಲ ಒಂದೆಡೆ, ಹಿರಿಯರನ್ನೆಲ್ಲ ಇನ್ನೊಂದೆಡೆ ಕೂರಿಸುವುದರಿಂದ ಇಬ್ಬರಿಗೂ ಅರ್ಧ ಅರ್ಧವೇ ಸಿಗುತ್ತಿದೆ ಎಂದು ನನಗನ್ನಿಸುತ್ತದೆ. ನಿಮ್ಮಂಥವರು ಯಾರಾದರೂ ನನ್ನ ಪಕ್ಕದಲ್ಲಿ ಕುಳಿತಿದ್ದರೆ, ಆ ದಿನ ನಿಮ್ಮ ಗಂಟಲಿನಿಂದ ಮಾತು ಏಕೆ ಹೊರಡಲಿಲ್ಲವೆಂದು ಕೇಳಿ ತಿಳಿದುಕೊಳ್ಳುತ್ತಿದ್ದೆ.

ದಾರಿಹೋಕ, ತೀರ್ಥಹಳ್ಳಿ

ಎಲ್ಲರೂ ಆ ಬೋಧಕರನ್ನು ದೂರುತ್ತಿರುವುದರಿಂದ ಒಂದು ಮಾತು. ಸಮಯ ಹೋಗುತ್ತಿದೆ, ಎಚ್ಚೆತ್ತುಕೊಳ್ಳಿ ಎಂದು ಯುವಕರಿಗೆ ಹೇಳುವುದರಲ್ಲಿ ತಪ್ಪಿಲ್ಲ. ‘ನಿನ್ನ ಯೌವನದ ದಿನಗಳಲ್ಲಿ ಸೃಷ್ಟಿಕರ್ತನನ್ನು ಸ್ಮರಿಸು’ ಎಂದು ಬೈಬಲಿನ ವಾಕ್ಯವೇ ಹೇಳುತ್ತದೆ. ತಪ್ಪಾದದ್ದು ಕಾಲದ ಬೆಲೆ ಹೇಳಹೊರಟು ಕಾಲಕ್ಕೆ ಬೇಲಿ ಹಾಕಿದ್ದು. ಇಸ್ರಾಯೇಲ್ಯರು ಅರಣ್ಯದಲ್ಲಿ ಸುತ್ತಿದ 40 ವರ್ಷವೂ ಅವರಿಗೆ ದೇವರು ಕೊಡುತ್ತಿದ್ದ ಆಹಾರವಾದ ಮನ್ನ ತಪ್ಪಲಿಲ್ಲ ಎಂಬುದನ್ನು ಆ ಬೋಧಕರು ಹೇಳಲು ಮರೆತಿರಬೇಕು.

ಶರಣು ಶರಣಾರ್ಥಿ, ಶಿಕಾರಿಪುರ

ನಾನು ನಿಮ್ಮ ಮತದವನಲ್ಲ, ಆದರೂ ಪ್ರಶ್ನೆ ಎಲ್ಲರದೂ ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ಬಳ್ಳಿಗಾವೆಯನ್ನು ಅಲ್ಲಮಪ್ರಭುಗಳ ಊರೆಂದೂ, ಉಡುತಡಿಯನ್ನು ಅಕ್ಕಮಹಾದೇವಿಯ ಊರೆಂದೂ ಹೇಳಿಕೊಂಡು ನಾವು ಹೆಮ್ಮೆಪಡುತ್ತೇವೆ. ಎಲ್ಲವನ್ನೂ ಬಿಟ್ಟು ಹೊರಟ ಅಂಥವರ ಕಥೆಗಳನ್ನೇ ಕೇಳಿ ಬೆಳೆದವರಿಗೆ, ದೇವರ ಉದ್ದೇಶವೆಂದರೆ ಏನೋ ದೊಡ್ಡದನ್ನು ಬಿಡುವುದು ಅಥವಾ ದೊಡ್ಡದನ್ನು ಹಿಡಿಯುವುದು ಎಂಬ ಭ್ರಮೆ ಬರುತ್ತದೆ. ನನಗೆ ಹೆಚ್ಚು ಹತ್ತಿರವಾದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದೇ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ನೆಲದ ಅಕ್ಕಿ ಆಯುವ ಕೆಲಸದಲ್ಲಿಯೂ ಶಿವನಿದ್ದಾನೆ ಎಂದು ನಂಬಿದವರಿಗೆ ಮಾತ್ರ ಅಂಥ ನಿಷ್ಠುರ ಸಾಧ್ಯ. ನೀವು ಏಳು ವರ್ಷ ರಾತ್ರಿ ಎರಡು ಗಂಟೆಗೊಮ್ಮೆ ಎದ್ದದ್ದನ್ನು ನಮ್ಮವರು ಕಾಯಕವೆನ್ನುತ್ತಾರೆ. ಅದಕ್ಕೆ ಬೇರೆ ಅಪ್ಪಣೆಪತ್ರ ಬೇಕೆಂದು ನನಗೆ ತೋರುವುದಿಲ್ಲ.

ಕಾಫಿ ಹೂವು, ಚಿಕ್ಕಮಗಳೂರು ಕಡೆ

ನಾನು ಮಲೆನಾಡಿನ ಒಂದು ಕಾನ್ವೆಂಟಿನಲ್ಲಿರುವ ಕನ್ಯಾಸ್ತ್ರೀ. ಧ್ಯಾನಕೂಟಗಳಿಗೆ ಬರುವವರ ಜೊತೆ ಕುಳಿತು ಅವರ ಮಾತು ಕೇಳುವುದು ಹಲವು ವರ್ಷಗಳಿಂದ ನನ್ನ ಕೆಲಸ. ನಿಮ್ಮ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುತ್ತೇನೆ. ಪ್ರೇರಣೆ ಯಾವುದು, ಬೇಸರ ಯಾವುದು ಎಂದು ಬೇರ್ಪಡಿಸುವುದನ್ನು ನಾವು ಕಲಿತದ್ದು ಲೊಯೋಲಾದ ಸಂತ ಇಗ್ನೇಷಿಯಸರಿಂದ.

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಆಗ ಅವರಿಗೆ ಸುಮಾರು ಮೂವತ್ತು ವರ್ಷ (ಆ ಬೋಧಕರ ಗಡುವು ಅಲ್ಲಿಗೆ ಮುಗಿಯಿತು!). ಹಾಸಿಗೆಯಲ್ಲಿ ಹೊತ್ತು ಕಳೆಯಲು ಶೂರರ ಕಥೆಗಳನ್ನು ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಮಲಗಿದಲ್ಲಿಯೇ ಅವರು ಎರಡು ಬಗೆಯ ಹಗಲುಗನಸುಗಳನ್ನು ಕಾಣುತ್ತಿದ್ದರು. ಒಬ್ಬ ರಾಜಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವ ಶೌರ್ಯದ ಕನಸು ಒಂದು, ಸಂತರಂತೆ ಬದುಕುವ ಕನಸು ಇನ್ನೊಂದು. ಕಾಣುವಾಗ ಎರಡೂ ಸಿಹಿಯಾಗಿಯೇ ಇದ್ದವು. ವ್ಯತ್ಯಾಸ ತಿಳಿದದ್ದು ಕನಸು ಮುಗಿದ ಮೇಲೆ: ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಮಾಧಾನ ಹಾಗೆಯೇ ಉಳಿಯುತ್ತಿತ್ತು.

ನೀವೂ ಇದನ್ನು ಮಾಡಬಹುದು. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ, ಆ ದಿನವನ್ನು ಬೆಳಗಿನಿಂದ ದೇವರ ಎದುರಿನಲ್ಲಿ ಒಮ್ಮೆ ನಡೆದು ನೋಡಿ. ಏನು ಮಾಡುವಾಗ ಹಿತವಾಗಿತ್ತು ಎಂಬುದಕ್ಕಿಂತ, ಮಾಡಿ ಮುಗಿಸಿದ ಮೇಲೆ ಯಾವುದರ ಹಸಿ ಮನಸ್ಸಿನಲ್ಲಿ ಉಳಿಯಿತು, ಯಾವುದು ಒಣಗಿತು ಎಂಬುದನ್ನು ಗಮನಿಸಿ ಎರಡು ಸಾಲು ಬರೆದಿಡಿ. ಒಂದು ದಿನದಲ್ಲಿ ಏನೂ ತಿಳಿಯುವುದಿಲ್ಲ, ಒಂದು ತಿಂಗಳ ಬರಹವನ್ನು ಒಟ್ಟಿಗೆ ಓದಿದಾಗ ಜಾಡು ಕಾಣಿಸುತ್ತದೆ. ಅವರದೇ ಇನ್ನೊಂದು ಎಚ್ಚರಿಕೆಯೂ ಇದೆ: ಮನಸ್ಸು ಕುಗ್ಗಿರುವಾಗ ದೊಡ್ಡ ನಿರ್ಧಾರಗಳನ್ನು ಬದಲಿಸಬಾರದು. ನೀವು ತಾಯಿಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿಲ್ಲ. ಯಾರಾದರೂ ಬಂದು ಮನೆ ಮಾರಿ ಆಶ್ರಮ ಸೇರಿ ಎಂದರೆ, ಅದು ಎಷ್ಟೇ ಭಕ್ತಿಯ ಮಾತಾಗಿದ್ದರೂ, ಈಗ ಕಿವಿಗೊಡಬೇಡಿ.

ಇನ್ನೊಂದು ಸಂಗತಿಯನ್ನು ಸಂತರ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಯೆರೂಸಲೇಮಿನಲ್ಲಿಯೇ ಉಳಿದು ಸೇವೆ ಮಾಡುವುದು ದೇವರ ಚಿತ್ತವೆಂದು ಇಗ್ನೇಷಿಯಸರು ದೃಢವಾಗಿ ನಂಬಿ 1523ರಲ್ಲಿ ಅಲ್ಲಿಗೆ ಹೋದರು. ಅಲ್ಲಿದ್ದ ಫ್ರಾನ್ಸಿಸ್ಕನ್ ಗುರುಗಳು ಅವರನ್ನು ಉಳಿಯಗೊಡದೆ ಹಿಂದಕ್ಕೆ ಕಳುಹಿಸಿದರು. ಹಿಂತಿರುಗಿ ಬಂದವರು ಬಾರ್ಸಿಲೋನಾದಲ್ಲಿ 33ನೆಯ ವಯಸ್ಸಿನಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ಅವರು ಕಟ್ಟಿದ ಸನ್ಯಾಸಿಗಳ ಸಂಘವಾದ ಯೇಸುಸಭೆಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1540ರಲ್ಲಿ. ದೇವರ ಚಿತ್ತವನ್ನು ಅರಿಯುವ ವಿಧಾನವನ್ನು ಲೋಕಕ್ಕೆ ಕಲಿಸಿದವರೇ ಒಮ್ಮೆ ಅದನ್ನು ತಪ್ಪಾಗಿ ಓದಿದ್ದರು. ಬಸ್ಸು ತಪ್ಪಿತೆಂದು ಅವರು ಹೆದ್ದಾರಿಯಲ್ಲಿ ಕುಳಿತು ಅಳಲಿಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ಐದು ವಾರ ತೆಗೆದುಕೊಂಡದ್ದಕ್ಕೆ ಕ್ಷಮೆ ಇರಲಿ. ಸಿಸ್ಟರ್ ಹೇಳಿದಂತೆ ಹಳೆಯ ಡೈರಿಯೊಂದರಲ್ಲಿ ಬರೆಯುತ್ತಿದ್ದೆ.

ಮೊದಲ ಎರಡು ವಾರದ ಪುಟಗಳಲ್ಲಿ ಅಮ್ಮನನ್ನು ಬಿಟ್ಟು ಬೇರೇನೂ ಇಲ್ಲ. ಮೂರನೆಯ ವಾರ ಸಭೆಯವರು ನನ್ನನ್ನು ಮಹಿಳಾ ಕೂಟದ ಕಾರ್ಯದರ್ಶಿಯಾಗಲು ಕೇಳಿದರು. ಒಪ್ಪಿ ಎರಡು ಸಭೆಗಳಿಗೆ ಹೋಗಿ ಬಂದೆ. ಆ ಎರಡು ರಾತ್ರಿಯೂ ‘ಒಣಗಿತು’ ಎಂದು ಬರೆದಿದ್ದೇನೆ. ಅದೇ ವಾರ ಹಿಂದಿನ ಬೀದಿಯ ಮನೆಯೊಂದರಿಂದ ಕರೆ ಬಂತು. ಸೊಂಟ ಮುರಿದು ಮಲಗಿರುವ ಅಜ್ಜಿಯೊಬ್ಬರಿಗೆ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಸೊಸೆ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದಳು, ಆದರೆ ಮಗ್ಗುಲು ಬದಲಿಸುವಾಗ ಅಜ್ಜಿಯನ್ನು ಹಾಸಿಗೆಯ ಮೇಲೆಯೇ ಎಳೆಯುತ್ತಿದ್ದಳು. ಎಳೆದರೆ ಚರ್ಮ ತರಚುತ್ತದೆ. ಮಡಿಸಿದ ಬೆಡ್‌ಶೀಟನ್ನು ಸೊಂಟದ ಕೆಳಗೆ ಅಡ್ಡಲಾಗಿ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು ಎಂದು ತೋರಿಸಿಕೊಟ್ಟೆ. ಎರಡು ಗಂಟೆಗೊಮ್ಮೆ ಯಾವ ಮಗ್ಗುಲಿಗೆ ಎಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಆ ರಾತ್ರಿ ನನಗೆ ಎಂದಿನಂತೆ ಎರಡು ಗಂಟೆಗೆ ಎಚ್ಚರವಾಯಿತು. ಈಗ ಅವರು ಅಜ್ಜಿಯನ್ನು ಎಡಕ್ಕೆ ತಿರುಗಿಸುತ್ತಿರಬೇಕು ಎಂದುಕೊಂಡು, ಅವರಿಬ್ಬರಿಗಾಗಿ ಪ್ರಾರ್ಥಿಸಿ ಮತ್ತೆ ಮಲಗಿದೆ. ನಿದ್ರೆ ಬಂತು.

ಇದು ಪ್ರೇರಣೆಯೋ ಅಭ್ಯಾಸಬಲವೋ ಎಂದು ಈಗಲೇ ತೀರ್ಮಾನಿಸುವುದಿಲ್ಲ, ಡೈರಿಯಲ್ಲಿ ಇನ್ನೂ ಪುಟಗಳಿವೆ. ಕಾರ್ಯದರ್ಶಿಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಭದ್ರಾವತಿಯ ಮಗಳೇ, ಶನಿವಾರ ಶಿವಮೊಗ್ಗಕ್ಕೆ ಬರುವುದಾದರೆ ಆ ಮನೆಗೆ ನನ್ನ ಜೊತೆ ಬಾ. ಎತ್ತಲು ಇನ್ನೊಂದು ಜೊತೆ ಕೈ ಬೇಕಾಗಿದೆ, ದಾರಿಯಲ್ಲಿ ನಿನ್ನ ಪ್ರಶ್ನೆಯನ್ನೂ ಮಾತನಾಡಬಹುದು.

ಕೊನೆಯದಾಗಿ ಒಂದು ವಿನಂತಿ. ಶಿವಮೊಗ್ಗದಲ್ಲಾಗಲಿ ಸಾಗರದ ಕಡೆಯಲ್ಲಾಗಲಿ ಯಾರ ಮನೆಯ ಅಟ್ಟದ ಮೇಲಾದರೂ ರೋಗಿಗಳಿಗೆ ಹಾಸುವ ಗಾಳಿ ಹಾಸಿಗೆ ಬಳಸದೆ ಉಳಿದಿದ್ದರೆ ದಯವಿಟ್ಟು ತಿಳಿಸಿ. ಅಮ್ಮನದನ್ನು ಈ ಅಜ್ಜಿಗೆ ಕೊಟ್ಟಾಗಿದೆ, ಪಕ್ಕದ ಬಡಾವಣೆಯಿಂದ ಇನ್ನೊಬ್ಬರು ಕೇಳುತ್ತಿದ್ದಾರೆ. ಪಂಪು ಕೆಟ್ಟಿದ್ದರೂ ಪರವಾಗಿಲ್ಲ, ರಿಪೇರಿ ಮಾಡಿಸಿಕೊಳ್ಳುತ್ತೇನೆ.